ಬಾಯ್ಲರ್ ಆರಿದ ಹತ್ತು ದಿನ

ನನಗೆ ತಿಳುವಳಿಕೆ ಬಂದಾಗಿನಿಂದ ನಮ್ಮ ಓಣಿಯಲ್ಲಿ ಯಾರೂ ಸ್ನಾನಕ್ಕೆ ನೀರು ಕಾಯಿಸಿದ್ದನ್ನು ನಾನು ನೋಡಿರಲಿಲ್ಲ. ಸೊಲ್ಲಾಪುರದ ಪೂರ್ವದ ಪೇಟೆಗಳಲ್ಲಿ, ಮಗ್ಗಗಳ ಸದ್ದಿನ ನಡುವೆ, ನಮ್ಮದು ಹದಿನಾಲ್ಕು ಮನೆಗಳ ಸಣ್ಣ ಓಣಿ. ಓಣಿಯ ಕೊನೆಗೆ ಎತ್ತರದ ಗೋಡೆ, ಗೋಡೆಯ ಆಚೆ ಚಾದರದ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಅಲ್ಲಿನ ಬಾಯ್ಲರಿನ ಉಗಿ ಬಣ್ಣದ ತೊಟ್ಟಿಗಳ ಕೊಳವೆಗಳಲ್ಲಿ ಸುತ್ತಿ, ನೀರಾಗಿ, ಗೋಡೆಯಿಂದ ಹೊರಗೆ ಚಾಚಿದ ಪೈಪಿನಿಂದ ನಮ್ಮ ಕಲ್ಲುತೊಟ್ಟಿಗೆ ಬೀಳುತ್ತಿತ್ತು. ಬಣ್ಣ ಮುಟ್ಟದ ಚೊಕ್ಕ ನೀರು. ಕೈಯಿಟ್ಟರೆ ಚುರುಕ್ಕೆನ್ನುವಷ್ಟು ಬಿಸಿ. ಅದನ್ನು ಓಣಿಗೆ ಬಿಡಬೇಕೆಂದು ಯಾವ ಮಾಲಕ ಯಾವ ಕಾಲದಲ್ಲಿ ಹೇಳಿದನೋ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಕೊಡಗಳ ಸಾಲು ನಿಲ್ಲುತ್ತಿತ್ತು, ಎಂಟರ ಹೊತ್ತಿಗೆ ಹದಿನಾಲ್ಕೂ ಮನೆಗಳ ಸ್ನಾನ ಮುಗಿಯುತ್ತಿತ್ತು. ಓಣಿಯ ಹುಡುಗರಿಗೆ ಹೆಣ್ಣು ನೋಡುವಾಗ ಹಿರಿಯರು ಈ ತೊಟ್ಟಿಯನ್ನು ಆಸ್ತಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ನಗೆಯ ಮಾತಲ್ಲ, ನಮ್ಮ ಅವ್ವನಿಗೂ ಹಾಗೆಯೇ ಹೇಳಿ ಕರೆತಂದಿದ್ದರಂತೆ.

ಅದೇ ಬಾಯ್ಲರಿನ ಹೊಗೆ ನಮ್ಮ ಮಾಳಿಗೆಗಳ ಮೇಲೂ ಇಳಿಯುತ್ತಿತ್ತು. ಬೇಸಿಗೆಯಲ್ಲಿ ಸಂಡಿಗೆ ಹಾಕಿದರೆ ಅದರ ಮೇಲೆ ಎಳ್ಳಿನಷ್ಟು ಕರಿ ಚುಕ್ಕೆಗಳು. ಪಕ್ಕದ ಮನೆಯ ಕಾಕು ಚುಕ್ಕೆಯನ್ನು ಬೆರಳಿನಿಂದ ತಿಕ್ಕಿ ನೋಡಿ, ಎಣ್ಣೆಯಂತೆ ಹತ್ತಿದರೆ ಕಲ್ಲಿದ್ದಲು, ಪುಡಿಯಾದರೆ ಶೇಂಗಾ ಸಿಪ್ಪೆ ಎಂದು ಹೇಳುತ್ತಿದ್ದಳು. ಮುಂದೆ ನಾನು ಸೇರಿದ ಕಚೇರಿಯಲ್ಲಿ ಇದೇ ಕೆಲಸಕ್ಕೆ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ಇತ್ತು. ಕಾಕುವಿಗೆ ತೋರುಬೆರಳು ಸಾಕಿತ್ತು.

ಆ ಹೊಗೆಯನ್ನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಉಂಡವಳು ಅಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ಚಿಕ್ಕಂದಿನಿಂದ ದಮ್ಮು. ಚಳಿಗಾಲದಲ್ಲಿ ಹೊಗೆ ಮೇಲೇರದೆ ಓಣಿಯಲ್ಲೇ ಕೂರುವ ದಿನಗಳಲ್ಲಿ ಅವಳಿಗೆ ಮಲಗಲಾಗುತ್ತಿರಲಿಲ್ಲ. ಗೋಡೆಗೆ ಎರಡು ತಲೆದಿಂಬು ಆನಿಸಿ ಕೂತೇ ಇರುತ್ತಿದ್ದಳು. ಅದಕ್ಕೇ ದೀಪಾವಳಿ ಮುಗಿಯುತ್ತಲೇ ಅವಳನ್ನು ಅಕ್ಕಲಕೋಟೆಯ ಸೋದರತ್ತೆಯ ಮನೆಗೆ ಕಳಿಸುವುದು, ಶಿವರಾತ್ರಿಯ ನಂತರ ಕರೆತರುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ಅತ್ತೆಗೆ ಮಕ್ಕಳಿಲ್ಲ, ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳ ಒಲೆ ಅಂಗಳದ ಮೂಲೆಯಲ್ಲಿ, ಬೇವಿನ ಮರದ ಆಚೆ. ಮನೆಯೊಳಗೆ ಊದಿನಕಡ್ಡಿಯ ಹೊಗೆಯನ್ನೂ ಅವಳು ಬಿಡುತ್ತಿರಲಿಲ್ಲ. ಅಲ್ಲಿ ಅಕ್ಕ ಚಾಪೆಯ ಮೇಲೆ ಅಂಗಾತ ಮಲಗುತ್ತಿದ್ದಳು.

ಅಕ್ಕ ಕನ್ನಡ ಶಾಲೆಯ ಮಾಸ್ತರಿಕೆ ಕಲಿತಿದ್ದಳು. ಅವಳ ಮದುವೆಯ ಮಾತು ದಮ್ಮಿನ ಕಾರಣಕ್ಕೆ ಎರಡು ಸಲ ಬಂದು ಎರಡು ಸಲ ಹೋಗಿತ್ತು. ಮೂರನೆಯ ಸಲ ಅವಳೇ ಬೇಡವೆಂದಳು. ಅದರ ನಂತರ ಅವಳಿಗೆ ಬೇಕಾಗಿದ್ದುದು ಒಂದೇ. ಒಂದು ಕಾಯಂ ಹುದ್ದೆ, ತನ್ನದೆನ್ನುವ ಒಂದು ವರ್ಗ, ತನ್ನ ಹೆಸರಿನ ಒಂದು ಹಾಜರಿ ಪುಸ್ತಕ. ನಾಲ್ಕು ವರ್ಷ ಅಲ್ಲಿ ಇಲ್ಲಿ ಬದಲಿ ಶಿಕ್ಷಕಿಯಾಗಿ ದುಡಿದಿದ್ದಳು. ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದಳು. ನಾನು ನಾಲ್ಕನೆಯ ಇಯತ್ತೆಯ ನಂತರ ಮರಾಠಿ ಶಾಲೆಗೆ ಹೋದವನು. ನನ್ನ ಓರಗೆಯವರೆಲ್ಲ ಕನ್ನಡದ ಅಕ್ಷರ ಮರೆತರು, ನಾನು ಮರೆಯಲಿಲ್ಲ, ಅಕ್ಕ ಬಿಡಲಿಲ್ಲ. ಅವಳ ಕಲಿಸುವ ರೀತಿ ಒಂದೇ. ವಾಕ್ಯವನ್ನು ಒಂದೇ ಉಸಿರಿನಲ್ಲಿ ಓದಬೇಕು. ನಡುವೆ ಉಸಿರು ತೆಗೆದರೆ ಮತ್ತೆ ಮೊದಲಿನಿಂದ. ದಮ್ಮಿನವಳಿಗೆ ಈ ಹಟ ಯಾಕೆ ಎಂದು ನನಗೆ ಆಗ ತಿಳಿಯುತ್ತಿರಲಿಲ್ಲ. ಅವಳು ಮೊದಲು ಓದಿ ತೋರಿಸುತ್ತಿದ್ದಳು, ಎಷ್ಟೇ ಉದ್ದದ ವಾಕ್ಯವಾದರೂ ಕೊನೆಯ ತನಕ ದನಿ ಸಡಿಲಾಗುತ್ತಿರಲಿಲ್ಲ.

ನಾನು ಸೇರಿದ್ದು ಗಾಳಿಯ ಮಾಲಿನ್ಯ ಅಳೆಯುವ ಒಂದು ಸರಕಾರಿ ಕಚೇರಿಗೆ, ಫೀಲ್ಡ್ ಅಸಿಸ್ಟೆಂಟ್ ಎಂದು. ಓಣಿಯವರು ನನ್ನನ್ನು ‘ಹವಾ ಸಾಹೇಬ’ ಎಂದು ಕರೆಯುತ್ತಿದ್ದರು. ‘ಇವತ್ತ ಹವಾ ಎಷ್ಟ ಕೆಜಿ ಬಂತ್ರೀ ಸಾಹೇಬ್ರ?’ ಎಂದು ಕೇಳುವವರೂ ಇದ್ದರು. ಹೊರಗೆ ಸಿಡಿಮಿಡಿ ತೋರಿಸುತ್ತಿದ್ದೆ, ಒಳಗೆ ಹಿಗ್ಗುತ್ತಿದ್ದೆ. ನಮ್ಮ ಯಂತ್ರ ಓಣಿಯಿಂದ ನಾಲ್ಕು ಬೀದಿ ಆಚೆ, ಒಂದು ಶಾಲೆಯ ಮೂರನೆಯ ಅಂತಸ್ತಿನ ಮಾಳಿಗೆಯ ಮೇಲಿತ್ತು. ತಗಡಿನ ಪೆಟ್ಟಿಗೆ, ಮೇಲೆ ಮನೆಯ ಮಾಡಿನಂತಹ ಮುಚ್ಚಳ. ಒಳಗಿನ ಮೋಟಾರು ಹಿಟ್ಟಿನ ಗಿರಣಿಯಂತೆ ಗುಂಯ್ಗುಡುತ್ತ ಗಾಳಿ ಎಳೆಯುತ್ತಿತ್ತು. ಎಳೆದ ಗಾಳಿ ಒಂದು ಬಿಳಿ ಕಾಗದದ ಮೂಲಕ ಹಾಯುತ್ತಿತ್ತು, ಧೂಳು ಕಾಗದದ ಮೇಲೆ ಉಳಿಯುತ್ತಿತ್ತು. ಎಂಟು ತಾಸಿಗೊಮ್ಮೆ ಕಾಗದ ಬದಲಿಸುವುದು, ಮಡಿಸಿ ಲಕೋಟೆಯಲ್ಲಿ ಹಾಕುವುದು, ಕಚೇರಿಯಲ್ಲಿ ತೂಗುವುದು, ಫಾರಮು ತುಂಬುವುದು. ಫಾರಮಿನ ಕೊನೆಗೆ ‘ಶೇರಾ’ ಎಂಬ ಒಂದು ಅಂಕಣ. ಮಳೆ ಬಂದರೆ ಮಳೆ, ಗಾಳಿ ಬೀಸಿದರೆ ಗಾಳಿ ಎಂದು ಅಲ್ಲಿ ಬರೆಯಬೇಕು.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ, ಪೇಟೆಯೊಳಗಿನ ಬಣ್ಣದ ಕಾರ್ಖಾನೆಗಳನ್ನು ಊರ ಹೊರಗೆ ಹಾಕಬೇಕೋ ಬೇಡವೋ ಎಂಬ ಚರ್ಚೆ ಎದ್ದಿತ್ತು. ಅದನ್ನು ತೀರ್ಮಾನಿಸಲು ಒಂದು ಪರೀಕ್ಷೆ ಗೊತ್ತಾಯಿತು. ಹತ್ತು ದಿನ ಎಲ್ಲ ಕಾರ್ಖಾನೆಗಳ ಬಾಯ್ಲರ್ ಬಂದ್. ಹೊಗೆಯುಗುಳುವ ಹಳೆಯ ಟಮಟಮ್ ರಿಕ್ಷಾಗಳೂ ಬಂದ್. ಬಯಲಿನಲ್ಲಿ ಕಸ ಸುಡುವುದೂ ಬಂದ್. ಆ ಹತ್ತು ದಿನದ ಗಾಳಿಯನ್ನು ನಾವು ಅಳೆಯಬೇಕು, ಹಿಂದಿನ ಹತ್ತು ದಿನದ ಗಾಳಿಯ ಜೊತೆ ಹೋಲಿಸಬೇಕು. ಎರಡು ವಾರ ಮೊದಲೇ ನನಗೆ ಈ ಸುದ್ದಿ ತಿಳಿದಿತ್ತು.

ಅದೇ ಹತ್ತು ದಿನಗಳಲ್ಲಿ, ಆರನೆಯ ದಿನ, ಅಕ್ಕನಿಗೆ ಮಾದರಿ ಪಾಠದ ಕರೆ ಬಂದಿತ್ತು. ಸೊಲ್ಲಾಪುರದ ಒಂದು ಕನ್ನಡ ಶಾಲೆಯಲ್ಲಿ ಒಂದೇ ಕಾಯಂ ಜಾಗ ಖಾಲಿಯಿತ್ತು. ಆಯ್ಕೆ ಸಮಿತಿಯ ಎದುರು ಅರ್ಧ ತಾಸು ಪಾಠ ಮಾಡಬೇಕು. ವಯಸ್ಸಿನ ಮಿತಿ ಮೀರಲು ಅವಳಿಗೆ ಕೆಲವೇ ತಿಂಗಳಿತ್ತು. ಇನ್ನೊಂದು ಕರೆ ಬರುವ ಹಾಗಿರಲಿಲ್ಲ.

ಅವಳು ಚೀಲ ಕಟ್ಟಿಕೊಂಡು ಕೂತಿದ್ದಳು. ಎಂದಿನಂತೆ ಅಕ್ಕಲಕೋಟೆಗೆ ಹೋಗುವುದು, ಪಾಠದ ದಿನ ಬೆಳಗಿನ ಬಸ್ಸಿಗೆ ಬಂದು ಪಾಠ ಮುಗಿಸಿ ಸಂಜೆಗೆ ವಾಪಸು ಹೋಗುವುದು. ಅವಳ ಯೋಜನೆ ಅಷ್ಟೇ ಸರಳ.

ನಾನು ಅಡ್ಡ ಬಂದೆ.

‘ಯಾಕ ಹೋಗ್ತಿ? ಈ ಸಲ ಇಲ್ಲೇ ಇರು. ಹತ್ತ ದಿನ ಒಂದ ಬಾಯ್ಲರೂ ಹಚ್ಚೂದಿಲ್ಲ. ಅಕ್ಕಲಕೋಟಿಗಿಂತ ಚಲೋ ಹವಾ ಇಲ್ಲೇ ಇರತೈತಿ.’

‘ಖರೇನ?’ ಅಂದಳು ಅಕ್ಕ.

‘ನಾ ಹವಾ ಅಳಿಯಾಂವ ಇದ್ದೀನಿ. ನನ್ನ ಬಿಟ್ಟು ಯಾರಿಗೆ ಗೊತ್ತಿರತೈತಿ?’

ಅವ್ವ ಒಳಗಿನಿಂದ, ‘ಪದ್ಧತಿ ಯಾಕ ಮುರೀತೀರಿ, ಹೋಗ್ಲಿ ಬಿಡು’ ಎಂದಳು. ಬಸ್ಸಿನ ಡೀಸೆಲ್ ವಾಸನೆ, ನಾಲ್ವತ್ತು ಕಿಲೋಮೀಟರಿನ ಧೂಳು, ಪಾಠದ ದಿನವೇ ಬಸ್ಸು ಕೆಟ್ಟರೆ ಏನು ಗತಿ ಎಂದು ನಾನು ವಕೀಲನಂತೆ ವಾದಿಸಿದೆ. ಅಕ್ಕ ಚೀಲ ಬಿಚ್ಚಿದಳು. ನನ್ನ ಮಾತಿಗೆ ಬೆಲೆ ಕೊಟ್ಟು ಅವಳು ಮಾಡಿದ ಮೊದಲ ಕೆಲಸ ಅದು. ಆ ಸಂಜೆ ನಾನು ಬಹಳ ಸಂತೋಷದಲ್ಲಿದ್ದೆ.

ಮೊದಲ ದಿನ ಬಾಯ್ಲರ್ ಆರಿತು. ಆಕಾಶ ನಿಜವಾಗಿಯೂ ಬೇರೆ ಬಣ್ಣದಲ್ಲಿತ್ತು. ಮಾಳಿಗೆಯ ಮೇಲಿಂದ ನೋಡಿದರೆ ಯಾವತ್ತೂ ಕಾಣದ ಕೋಟೆಯ ಬುರುಜು ಕಂಡಿತು. ಮಧ್ಯಾಹ್ನ ಯಂತ್ರದಿಂದ ತೆಗೆದ ಕಾಗದ ಬೂದಿಯ ಬಣ್ಣದ ಬದಲು ಗೋಧಿ ಹಿಟ್ಟಿನ ಬಣ್ಣದಲ್ಲಿತ್ತು. ನಮ್ಮ ಸಾಹೇಬರು, ಅಂದರೆ ಕಚೇರಿಯ ಅಧಿಕಾರಿ, ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವರೂ ಕಾಗದವನ್ನು ಬೆಳಕಿಗೆ ಹಿಡಿದು ಮರಾಠಿಯಲ್ಲಿ ‘ವಾ’ ಎಂದರು.

ಆ ಹತ್ತು ದಿನ ಹಗಲೆಲ್ಲ ಯಂತ್ರವನ್ನು ಬಿಟ್ಟು ಕದಲಬಾರದೆಂದು ನನಗೆ ಆಜ್ಞೆಯಾಗಿತ್ತು, ರಾತ್ರಿಯ ಪಾಳಿ ಬೇರೊಬ್ಬನದು. ನಾನು ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತಿದ್ದೆ. ಸ್ನಾನ ಶಾಲೆಯ ನಲ್ಲಿಯಲ್ಲಿ, ತಣ್ಣೀರಿನಲ್ಲಿ. ಮನೆಗೆ ಬರುತ್ತಿದ್ದುದು ಸಂಜೆ, ಅಡುಗೆಯ ವಾಸನೆ ಬಿಟ್ಟರೆ ಓಣಿಯಲ್ಲಿ ಬೇರೇನೂ ಇರುತ್ತಿರಲಿಲ್ಲ. ಹೀಗಾಗಿ ಓಣಿಯ ಬೆಳಗು ನನ್ನ ಕಣ್ಣಿಗೆ ಬೀಳಲಿಲ್ಲ. ಇದನ್ನು ಸಬೂಬು ಎಂದು ಹೇಳುತ್ತಿಲ್ಲ, ನಡೆದದ್ದು ಹೀಗೆ.

ಎರಡನೆಯ ದಿನ ಅಕ್ಕ ಕೆಮ್ಮಿದಳು. ಮೂರನೆಯ ದಿನ ಎದೆಯಲ್ಲಿ ಸುಂಯ್ ಎಂಬ ಸದ್ದು ಶುರುವಾಯಿತು.

‘ಹಳೇ ಹೊಗಿ ಹೊರಗ ಬರಾಕತ್ತೈತಿ’ ಎಂದೆ ನಾನು. ಇಂಥ ವೈದ್ಯಕೀಯವನ್ನು ನಾನು ಎಲ್ಲಿ ಕಲಿತೆನೋ ನನಗೇ ಗೊತ್ತಿಲ್ಲ. ‘ಎರಡ ದಿನ ತಡಿ. ಕಾಗದಾ ದಿನಾ ದಿನಾ ಬೆಳ್ಳಗ ಆಗಾಕತ್ತೈತಿ.’

‘ಕಾಗದಾ ಬೆಳ್ಳಗ ಆದ್ರ ಎದಿನೂ ಆಗತೈತೇನು?’ ಎಂದಳು ಅಕ್ಕ. ಆದರೂ ತಡೆದಳು. ಅವ್ವ ಅವಳಿಗೆ ಹೊತ್ತುಹೊತ್ತಿಗೆ ಬಿಸಿನೀರಿನ ಆವಿ ಕೊಡತೊಡಗಿದಳು. ಆ ಬಿಸಿನೀರು ಎಲ್ಲಿಂದ ಬಂತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನಮ್ಮ ಮನೆಯಲ್ಲಿ ಬಿಸಿನೀರು ಎಂದರೆ ಇರುವ ವಸ್ತು, ಎಲ್ಲಿಂದಲೋ ಬರುವ ವಸ್ತುವಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಏಳೂವರೆಗೆ ಅಕ್ಕ ನನಗೆ ಬುತ್ತಿ ತೆಗೆದುಕೊಂಡು ಶಾಲೆಯ ಮಾಳಿಗೆಗೆ ಬಂದಳು. ಮೂರು ಅಂತಸ್ತಿನ ಮೆಟ್ಟಿಲುಗಳನ್ನು ಕೂತು ಕೂತು ಹತ್ತಿದ್ದಳು. ಬಂದವಳು ಕಟ್ಟೆಗೆ ಒರಗಿ ಉಸಿರು ಸುಧಾರಿಸಿಕೊಂಡಳು. ಆಮೇಲೆ ಅವಳ ಮುಖ ಸಡಿಲಾಯಿತು.

‘ಇಲ್ಲೆ ಚಲೋ ಅನ್ನಿಸ್ತೈತಿ ನೋಡು’ ಎಂದಳು.

‘ನಾ ಹೇಳಲಿಲ್ಲೇನು?’

ಅವಳು ನಮ್ಮ ಓಣಿಯ ಕಡೆ ನೋಡುತ್ತಿದ್ದಳು. ಇಡೀ ಪೇಟೆ ಬಿಸಿಲಿನಲ್ಲಿ ನಿಚ್ಚಳವಾಗಿತ್ತು. ಆದರೆ ನಮ್ಮ ಓಣಿಯ ಮೇಲೆ, ಅಂಥವೇ ಇನ್ನೆರಡು ಓಣಿಗಳ ಮೇಲೆ, ಮಾಳಿಗೆಗಳ ಮಟ್ಟಕ್ಕೆ ತೆಳ್ಳಗೆ ನೀಲಿಯ ಪದರ ಹಾಸಿತ್ತು.

‘ಅದೇನೋ ನೀಲಿ ಕಾಣಾಕತ್ತೈತಲ್ಲ?’

‘ಧುಕ’ ಎಂದೆ. ಮಂಜಿಗೆ ನಮ್ಮ ಕಡೆ ಮರಾಠಿಯ ಈ ಮಾತೇ ಬಾಯಿಗೆ ಬರುತ್ತದೆ.

‘ಸೊಲ್ಲಾಪುರದಾಗ ಧುಕ ಎಲ್ಲಿದೋ?’

‘ಥಂಡಿ ಭಾಳ ಐತಿ ಈ ಸಲ.’

ಅವಳು ಇನ್ನೊಂದು ಮಾತು ಕೇಳಲು ಬಂದಿದ್ದಳು. ‘ತಮ್ಮಾ, ಇವತ್ತ ಅತ್ತಿ ಮನಿಗೆ ಹೋಗಲೇನು? ಇನ್ನೂ ಎರಡ ದಿನ ಐತಿ. ಮಧ್ಯಾಹ್ನದ ಬಸ್ಸಿಗೆ ಹೋಗ್ತೀನಿ.’

ನಾನು ಲಕೋಟೆಯಿಂದ ಹಿಂದಿನ ದಿನದ ಕಾಗದವನ್ನೂ ಎರಡು ವಾರ ಹಿಂದಿನ ಕಾಗದವನ್ನೂ ತೆಗೆದು ಅಕ್ಕಪಕ್ಕ ಹಿಡಿದು ತೋರಿಸಿದೆ. ಒಂದು ಕಬ್ಬಿಣದ ಹಂಚಿನಂತೆ, ಇನ್ನೊಂದು ಜೋಳದ ಹಿಟ್ಟಿನಂತೆ. ಹೀಗೆ ತೋರಿಸುವುದು ಕಚೇರಿಯ ನಿಯಮಕ್ಕೆ ವಿರುದ್ಧ, ಅಕ್ಕನ ಸಲುವಾಗಿ ನಿಯಮ ಮುರಿಯುತ್ತಿದ್ದೇನೆಂದು ನನಗೆ ಹೆಮ್ಮೆ. ಅವಳು ಎರಡನ್ನೂ ನೋಡಿದಳು. ಮಾಳಿಗೆಯ ಮೇಲೆ ಅವಳ ಉಸಿರೂ ಹಗುರವಾಗಿತ್ತು. ಸಾಕ್ಷಿ ಎರಡೂ ನನ್ನ ಕಡೆ ಇದ್ದವು. ‘ಆತು, ಇರ್ತೀನಿ’ ಎಂದು ಹೇಳಿ ಕೆಳಗಿಳಿದು ಹೋದಳು. ನಾನು ಫಾರಮು ತೆಗೆದು ಶೇರಾ ಅಂಕಣದಲ್ಲಿ ‘ಬೆಳಿಗ್ಗೆ ಧುಕ’ ಎಂದು ಶಾಯಿಯಲ್ಲಿ ಬರೆದೆ.

ಆರನೆಯ ದಿನ ಅವಳನ್ನು ಪಾಠಕ್ಕೆ ಕರೆದುಕೊಂಡು ಹೋಗಲೆಂದು ಸಾಹೇಬರ ಅಪ್ಪಣೆ ಪಡೆದು ಬೆಳಿಗ್ಗೆ ಮನೆಯಲ್ಲೇ ಉಳಿದೆ. ಆರೂವರೆಗೆ ಬಾಗಿಲು ತೆಗೆದು ಹೊರಗೆ ಬಂದವನು ಅಲ್ಲೇ ನಿಂತೆ.

ಹದಿನಾಲ್ಕೂ ಮನೆಗಳ ಮುಂದೆ ಹದಿನಾಲ್ಕು ಬಂಬಗಳು ಉರಿಯುತ್ತಿದ್ದವು. ಬಂಬ ಎಂದರೆ ನೀರು ಕಾಯಿಸುವ ತಾಮ್ರದ ಹಂಡೆ, ನಡುವೆ ಬೆಂಕಿಯ ಕೊಳವೆ. ಅಜ್ಜಿಯರ ಕಾಲದವು. ಅಟ್ಟದ ಮೇಲೆ ಮೂವತ್ತು ನಾಲ್ವತ್ತು ವರ್ಷ ಬಿದ್ದಿದ್ದವನ್ನು ಇಳಿಸಿದ್ದರು, ಸ್ನಾನ ಮುಗಿದ ಮೇಲೆ ಹಿತ್ತಲಿಗೆ ಸರಿಸುತ್ತಿದ್ದರು. ಬೂದಿಯ ಜಾಳಿಗೆ ತುಕ್ಕು ಹಿಡಿದಿತ್ತು, ಕೊಳವೆಗಳಲ್ಲಿ ಗುಬ್ಬಿಗಳು ಗೂಡು ಕಟ್ಟಿದ್ದವು. ಹೊಗೆ ಮೇಲಿನಿಂದ ಹೋಗದೆ ಕೆಳಗಿನ ಬಾಯಿಂದಲೇ ಹೊರಳಿ ಬರುತ್ತಿತ್ತು. ಸುಡುತ್ತಿದ್ದುದು ಮಗ್ಗದ ಚಿಂದಿ, ಎಣ್ಣೆ ಕುಡಿದ, ಬಣ್ಣ ಹಾಕಿದ ನೂಲಿನ ತುಣುಕುಗಳು. ಬೇಕಾದಷ್ಟು, ಬಿಟ್ಟಿಯಾಗಿ ಸಿಗುತ್ತಿತ್ತು. ಬಯಲಿನಲ್ಲಿ ಕಸ ಸುಡಬಾರದೆಂಬ ಆದೇಶವನ್ನು ಓಣಿ ಚಾಚೂ ತಪ್ಪದೆ ಪಾಲಿಸಿತ್ತು. ಕಸವೂ ಬಂಬದೊಳಗೇ ಹೋಗುತ್ತಿತ್ತು. ಕಾರ್ಖಾನೆ ಬಂದ್ ಆದ್ದರಿಂದ ಗಂಡಸರೆಲ್ಲ ಮನೆಯಲ್ಲಿ, ಎಲ್ಲರಿಗೂ ನಿವಾಂತದ, ಅವಸರವಿಲ್ಲದ ಸ್ನಾನ. ಬಲಕ್ಕೆ ಹಳೆಯ ಗೋಡೆ, ಆರಿದ ಪೈಪು, ಒಣಗಿದ ತೊಟ್ಟಿ.

ನಮ್ಮ ಬಂಬವೇ ಎಲ್ಲಕ್ಕಿಂತ ಹೆಚ್ಚು ಹೊಗೆಯುತ್ತಿತ್ತು. ಅವ್ವ ಕಣ್ಣೀರು ಒರೆಸಿಕೊಳ್ಳುತ್ತ ಅದರ ಬಾಯಿಗೆ ಊದುತ್ತಿದ್ದಳು.

‘ಯಾವಾಗಿನಿಂದ ಹಚ್ಚೀಯವಾ ಇದನ್ನ?’

‘ಎರಡನೇ ದಿನದಿಂದ’ ಎಂದಳು. ‘ಅಕ್ಕಗ ಆವಿ ಬೇಕಲ್ಲ, ಅದಕ್ಕ ಎರಡ ಸಲ ಹಚ್ಚತೀನಿ.’

ಪಕ್ಕದ ಕಾಕು ತನ್ನ ಬಂಬದ ಬಳಿಯಿಂದ, ‘ಏನ್ ಮಾಡೂದ್ರೀ ಹವಾ ಸಾಹೇಬ್ರ, ನಿಮ್ಮ ಆಫೀಸಿನವರು ನಮ್ಮ ಬಿಸಿನೀರು ಬಂದ್ ಮಾಡ್ಯಾರ’ ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಆದೇಶದ ಕಾಗದವನ್ನು ಅಷ್ಟು ಸಲ ಓದಿದ್ದೆ. ಬಾಯ್ಲರ್ ಆರಿದರೆ ತೊಟ್ಟಿ ಆರುತ್ತದೆ, ತೊಟ್ಟಿ ಆರಿದರೆ ಓಣಿ ಹೊತ್ತಿಕೊಳ್ಳುತ್ತದೆ ಎಂಬುದು ಇಪ್ಪತ್ತೈದು ವರ್ಷ ಅದೇ ನೀರಿನಲ್ಲಿ ಮಿಂದ ನನಗೆ ಹೊಳೆದಿರಲಿಲ್ಲ. ಮಾಳಿಗೆಯ ಮೇಲಿಂದ ಕಂಡ ನೀಲಿ ಪದರ ಇದೇ. ನಾನು ಅದಕ್ಕೆ ಹೆಸರಿಟ್ಟು ಶಾಯಿಯಲ್ಲಿ ಬರೆದು ಬಂದಿದ್ದೆ. ನಾಚಿಕೆಗಿಂತ ಮೊದಲು ನನಗಾದದ್ದು ಹೆದರಿಕೆ.

ಒಳಗೆ ಅಕ್ಕ ಗೋಡೆಗೆ ಎರಡು ತಲೆದಿಂಬು ಆನಿಸಿ ಕೂತಿದ್ದಳು. ಇಸ್ತ್ರಿ ಮಾಡಿದ ಸೀರೆ ಉಟ್ಟಾಗಿತ್ತು. ‘ಎದ್ದೇಳು, ಈಗಲೇ ಹೋಗೂಣು’ ಎಂದೆ. ಯಾಕೆಂದು ಕೇಳಲು ಅವಳಿಗೆ ಉಸಿರಿರಲಿಲ್ಲ. ರಿಕ್ಷಾಗಳು ಬಂದ್, ಒಂದು ಟಾಂಗಾ ಹಿಡಿದು ಎರಡು ತಾಸು ಮೊದಲೇ ಪಾಠದ ಶಾಲೆಯ ಅಂಗಳಕ್ಕೆ ಹೋಗಿ ಮರದ ಕೆಳಗೆ ಕೂತೆವು. ಬಯಲು ಗಾಳಿ, ಒಳ್ಳೆಯ ಬಿಸಿಲು. ಅವಳು ಗುಳಿಗೆ ತೆಗೆದುಕೊಂಡಳು. ಐದು ದಿನದ್ದು ಎರಡು ತಾಸಿನಲ್ಲಿ ಇಳಿಯುವಂಥದ್ದಲ್ಲ. ಆದರೂ ನಾನು ಗಡಿಯಾರ ನೋಡುತ್ತ ಪ್ರತಿ ಹತ್ತು ನಿಮಿಷಕ್ಕೊಮ್ಮೆ ‘ಈಗ?’ ಎಂದು ಕೇಳುತ್ತಿದ್ದೆ.

‘ಸುಮ್ನ ಇರು’ ಎಂದಳು ಒಂದು ಸಲ.

ಆಮೇಲೆ ಅವಳ ದಮ್ಮಿಗೆ ಕಾರಣ ಆ ಬಂಬಗಳೇ ಎಂದು ಹೇಳಿದೆ. ಅವುಗಳನ್ನು ಅವಳೂ ದಿನಾ ನೋಡುತ್ತಿದ್ದಳು, ಆದರೆ ನನ್ನ ಕಾಗದವನ್ನು ನಂಬಿದ್ದಳು. ನಾಲ್ಕನೆಯ ದಿನ ನಾನು ಹೇಳಿದ್ದು ತಪ್ಪು, ಅದು ಧುಕ ಅಲ್ಲ ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು. ಬೈಯಲಿಲ್ಲ. ಬೈಯಲು ಉಸಿರಿದ್ದಿದ್ದರೆ ಬೈಯುತ್ತಿದ್ದಳೋ ಏನೋ, ಅದನ್ನು ಪಾಠಕ್ಕೆ ಉಳಿಸಿಕೊಂಡಿದ್ದಳು.

ಪಾಠ ನಾಲ್ಕನೆಯ ಇಯತ್ತೆಗೆ. ನಾನು ಪಡಸಾಲೆಯಲ್ಲಿ ಕಿಟಕಿಯ ಬದಿಗೆ ನಿಂತಿದ್ದೆ. ಸಮಿತಿಯವರು ಮೂವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅಕ್ಕ ಮಕ್ಕಳಿಗೆ, ವಾಕ್ಯವನ್ನು ಒಂದೇ ಉಸಿರಿನಲ್ಲಿ ಓದಬೇಕು, ಮೊದಲು ನಾನು ಓದುತ್ತೇನೆ, ಆಮೇಲೆ ನೀವು ಎಂದು ಹೇಳಿದಳು. ಇಷ್ಟು ಹೇಳುವುದರಲ್ಲೇ ಎರಡು ಸಲ ನಿಂತಳು. ಆ ಪದ್ಧತಿಯನ್ನು ಆವತ್ತೊಂದು ದಿನ ಬಿಟ್ಟಿದ್ದರೆ ಆಗುತ್ತಿತ್ತು. ಹಲಗೆಯ ಮೇಲೆ ಬರೆದು ದಾಟಿಸಬಹುದಿತ್ತು. ಅವಳಿಗೆ ಅದೊಂದೇ ರೀತಿ ಗೊತ್ತಿತ್ತು. ಪುಸ್ತಕ ತೆರೆದು ಓದಿದಳು. ಮೂರು ಶಬ್ದಕ್ಕೆ ಉಸಿರು ನಿಂತಿತು. ಮತ್ತೆ ಮೊದಲಿನಿಂದ ಓದಿದಳು. ಮತ್ತೆ ಮೂರು ಶಬ್ದ. ಮಕ್ಕಳು ಒಬ್ಬರಿಗೊಬ್ಬರು ಪಿಸುಗುಟ್ಟಿದರು. ಮೂರನೆಯ ಸಲ ಅವಳು ಪುಸ್ತಕ ಹಿಡಿದುಕೊಂಡೇ ಮೇಜಿಗೆ ಕೈಯೂರಿದಳು. ಸಮಿತಿಯ ಹಿರಿಯರು ಎದ್ದು ಬಂದು ತಾವೇ ಕುರ್ಚಿ ಸರಿಸಿದರು.

‘ಕೂಡ್ರಿ ಬಾಯಿ, ಕೂಡ್ರಿ. ಮೊದಲ ತಬ್ಯೇತ ನೋಡ್ಕೊಳ್ರಿ. ಪಾಠ ಏನ್ ಎಲ್ಲಿ ಹೋಗೂದಿಲ್ಲ.’

ಅವರು ಮನಸಾರೆ ಹೇಳಿದ ಮಾತು ಅದು. ಹುದ್ದೆ ಅವಳ ನಂತರ ಬಂದವಳಿಗೆ ಹೋಯಿತು. ಹೋಗಬೇಕಾದದ್ದೇ, ಅವಳು ಚೆನ್ನಾಗಿ ಓದಿದಳು, ನಾನೇ ಕೇಳಿಸಿಕೊಂಡೆ.

ಏಳನೆಯ ದಿನ ನಾನು ಸಾಹೇಬರ ಎದುರು ನಿಂತು ಓಣಿಯ ಕಥೆ ಹೇಳಿದೆ. ಯಂತ್ರವನ್ನು ಒಂದು ದಿನ ನಮ್ಮ ಓಣಿಯಲ್ಲಿ ಇಡೋಣ, ಇಬ್ಬರಿದ್ದರೆ ಹೊತ್ತು ತರಬಹುದು ಎಂದೆ. ಅವರು ಪೂರ್ತಿ ಕೇಳಿದರು. ಯಂತ್ರದ ಜಾಗ ಮತ್ತು ಎತ್ತರ ನಿಯಮದಲ್ಲಿ ಬರೆದಿದೆ, ನಡುವೆ ಕದಲಿಸಿದರೆ ಹತ್ತೂ ದಿನದ ಕೆಲಸ ವ್ಯರ್ಥ ಎಂದರು. ಪರೀಕ್ಷೆ ಕಾರ್ಖಾನೆಗಳದ್ದು, ಸ್ನಾನದ್ದಲ್ಲ ಎಂದೂ ಹೇಳಿದರು. ಹಾಗಾದರೆ ನಾಲ್ಕನೆಯ ದಿನದ ಶೇರಾವನ್ನಾದರೂ ತಿದ್ದುತ್ತೇನೆಂದೆ. ಫಾರಮಿನಲ್ಲಿ ಗೀಟು ಹೊಡೆದರೆ ಇಡೀ ಫಾರಮು ರದ್ದಾಗುತ್ತದೆ ಎಂದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ‘ಬೆಳಿಗ್ಗೆ ಧುಕ’ ಎಂಬುದು ನನ್ನ ಕೈಬರಹದಲ್ಲಿ ಆ ಕಡತದಲ್ಲಿ ಹಾಗೆಯೇ ಉಳಿಯಿತು.

ಕಾಗದಗಳು ಕೊನೆಯ ತನಕ ಬೆಳ್ಳಗಾಗುತ್ತಲೇ ಹೋದವು. ಹತ್ತನೆಯ ದಿನದ ಕಾಗದವನ್ನು ಹೊಸ ಕಾಗದದ ಪಕ್ಕ ಇಟ್ಟರೆ ಗುರುತು ಹಿಡಿಯುವುದು ಕಷ್ಟವಿತ್ತು. ಊರಿನ ಗಾಳಿ ನಿಜವಾಗಿ ಸುಧಾರಿಸಿತ್ತು, ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಯಂತ್ರ ಸುಳ್ಳು ಹೇಳಲಿಲ್ಲ. ಅದನ್ನು ಮಾಳಿಗೆಯ ಮೇಲೆ ಇಟ್ಟಿದ್ದರು, ಅದು ಮಾಳಿಗೆಯ ಮೇಲಿನದನ್ನು ಹೇಳಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಆರಕ್ಕೆ ಬಾಯ್ಲರಿನ ಸಿಳ್ಳು ಕೇಳಿತು. ಸ್ವಲ್ಪ ಹೊತ್ತಿಗೆ ಪೈಪು ಕೆಮ್ಮಿ ಕೆಂಪು ತುಕ್ಕಿನ ನೀರು ಉಗುಳಿ, ಆಮೇಲೆ ಚೊಕ್ಕ ನೀರು ಬಿಟ್ಟಿತು. ಕೊಡಗಳ ಸಾಲು ನಿಂತಿತು. ಬಂಬಗಳು ತಣ್ಣಗೆ ನಿಂತವು. ಮೇಲೆ ಕರಿ ಹೊಗೆ ಏರುತ್ತಿತ್ತು, ಆದರೆ ಆ ದಿನ ಗಾಳಿ ಇತ್ತು, ಹೊಗೆ ಬೇರೆ ಪೇಟೆಯ ಕಡೆ ಹೋಯಿತು. ಅಕ್ಕ ಬಹಳ ದಿನಗಳ ನಂತರ ಹೊಸ್ತಿಲ ಮೇಲೆ ಬಂದು ಕೂತಳು. ಅಕ್ಕಲಕೋಟೆಯ ಚೀಲ ಪಕ್ಕದಲ್ಲಿತ್ತು. ಹೊರಗೆ ನೋಡುತ್ತ, ‘ಇವತ್ತ ಇಟ್ಟಿದ್ರ ಪಾಠ ಆಗಿಬಿಡತಿತ್ತು’ ಎಂದಳು. ಯಾರಿಗೂ ಹೇಳಿದ ಮಾತಲ್ಲ ಅದು. ನಾನು ಚೀಲ ಎತ್ತಿಕೊಂಡೆ.

ಅಕ್ಕಲಕೋಟೆಯ ಬಸ್ ನಿಲ್ದಾಣದಿಂದ ಅತ್ತೆಯ ಮನೆ ಐದು ನಿಮಿಷದ ದಾರಿ. ಸುದ್ದಿ ಅವಳಿಗೆ ಮೊದಲೇ ಮುಟ್ಟಿತ್ತು. ಅಂಗಳದ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದವಳು ತಲೆಯೆತ್ತಿ, ‘ಬರ್ರಿ, ಹವಾ ಅಳಿಯಾಂವ ಬಂದಾನ’ ಎಂದಳು. ಆಮೇಲೆ ಅಕ್ಕನನ್ನು ಒಳಗೆ ಕರೆದೊಯ್ದು ಚಾಪೆ ಹಾಸಿ ಬಂದು, ನನ್ನ ತಟ್ಟೆಗೆ ರೊಟ್ಟಿ, ಶೇಂಗಾ ಚಟ್ನಿ ಹಾಕುತ್ತ ಮೆಲ್ಲಗೆ ಹೇಳಿದಳು: ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರ. ನನ್ನ ಒಲಿ ಯಾಕ ಅಂಗಳದಾಗ ಐತಿ ಅಂತ ಒಂದ ದಿನಾನೂ ಕೇಳಲಿಲ್ಲಲ್ಲೋ ನೀ?’ ನಾನು ರೊಟ್ಟಿ ಮುರಿದು ಚಟ್ನಿಗೆ ಒತ್ತಿದೆ.

ನಮ್ಮ ವರದಿ ಮೇಲಕ್ಕೆ ಹೋಯಿತು. ಅದನ್ನು ಅಚ್ಚುಕಟ್ಟಾಗಿ ಬರೆದು ಕೊಟ್ಟವನು ನಾನೇ. ತಾತ್ಕಾಲಿಕ ನಿರ್ಬಂಧದಿಂದ ಗಾಳಿ ಸ್ವಚ್ಛವಾಗುತ್ತದೆ ಎಂದು ಅದು ಸಾರಿತು, ಎರಡು ವರ್ಷದ ನಂತರ ನಮ್ಮ ಗೋಡೆಯ ಆಚೆಯ ಕಾರ್ಖಾನೆ ಊರ ಹೊರಗೆ ಹೋಯಿತು. ಒಳ್ಳೆಯದೇ ಆಯಿತು, ಸಂಡಿಗೆಯ ಮೇಲೆ ಚುಕ್ಕೆ ಬೀಳುವುದು ನಿಂತಿತು. ತೊಟ್ಟಿ ಒಣಗಿತು. ಬಂಬಗಳು ಅಟ್ಟಕ್ಕೆ ಮರಳಲಿಲ್ಲ, ಪ್ರತಿ ಚಳಿಗಾಲ ಬಾಗಿಲ ಮುಂದೆ ನಿಂತವು. ನಮ್ಮ ಬಂಬವನ್ನು ನಾನು ಮಾರಿಬಿಟ್ಟೆ. ಅವ್ವ ಗ್ಯಾಸಿನ ಮೇಲೆ ಒಂದು ಪಾತ್ರೆ ಇಡುತ್ತಾಳೆ. ಉಳಿದ ಹದಿಮೂರು ಮನೆಗಳಿಗೆ ಮಾರಿರೆಂದು ಹೇಳುವ ಬಾಯಿ ನನಗಿರಲಿಲ್ಲ.

ಅಕ್ಕ ಅಕ್ಕಲಕೋಟೆಯ ಹತ್ತಿರ, ಕುರನೂರಿನ ದಾರಿಯ ಒಂದು ಸಣ್ಣ ಶಾಲೆಯಲ್ಲಿ ಬದಲಿ ಶಿಕ್ಷಕಿಯಾಗಿ ಸೇರಿದಳು. ವರ್ಷ ವರ್ಷ ಹೊಸ ಕಾಗದ ಕೊಡುವ ಕೆಲಸ, ಕಾಯಂ ಆಗಲಿಲ್ಲ. ಅಲ್ಲಿಯ ಮಕ್ಕಳು ವಾಕ್ಯವನ್ನು ಒಂದೇ ಉಸಿರಿನಲ್ಲಿ ಓದುತ್ತಾರೆಂದು ಅತ್ತೆ ಹೇಳುತ್ತಾಳೆ. ಹಬ್ಬಕ್ಕೆ ಮನೆಗೆ ಬರುವ ಮೊದಲು ಅಕ್ಕ ಕಾಗದ ಬರೆಯುತ್ತಾಳೆ, ಕನ್ನಡದಲ್ಲಿ. ಅವ್ವನಿಗೆ ಅಕ್ಷರ ಬರುವುದಿಲ್ಲ. ಓದುವವನೂ ನಾನೇ, ಮರುಟಪಾಲಿಗೆ ಉತ್ತರ ಬರೆಯುವವನೂ ನಾನೇ. ಕ್ಷೇಮ ಸಮಾಚಾರ, ಅತ್ತೆಯ ಮಂಡಿನೋವು, ಶಾಲೆಯ ವಿಷಯ ಮುಗಿದ ಮೇಲೆ ಕೊನೆಗೆ ಒಂದು ಸಾಲು ತಪ್ಪದೆ ಇರುತ್ತದೆ. ಅದು ನನಗೆ ಬರೆದ ಸಾಲು, ಆದರೆ ಪ್ರಶ್ನೆ ನನಗಲ್ಲ: ‘ಓಣಿಯಾಗ ಈಗ ಯಾರ ಯಾರ ಬಂಬ ಹಚ್ಚತಾರ, ಅವ್ವನ್ನ ಕೇಳಿ ಬರಿ.’

ಅಂಥದೊಂದು ಕಾಗದ ಬಂದಾಗ ಹವಾ ಆಫೀಸಿನಲ್ಲಿ ನನಗೆ ಎಂಟನೆಯ ವರ್ಷ. ಆ ಸಾಲನ್ನು ನಡುವೆ ಉಸಿರು ತೆಗೆಯದೆ ಗಟ್ಟಿಯಾಗಿ ಓದಿದೆ. ಅವ್ವ ಎದ್ದು ಹೊಸ್ತಿಲಿಗೆ ಹೋಗಿ ಓಣಿಯನ್ನು ಒಂದು ಕಡೆಯಿಂದ ನೋಡುತ್ತ ಒಂದೊಂದೇ ಮನೆ ಹೇಳತೊಡಗಿದಳು. ನಾನು ಬರೆದುಕೊಂಡೆ.